ಕೈಬಿಸಿಗೆ ಎಚ್ಚರಾಗುವ ಗೋಡೆ

ಈಗ ಬೆಳಕಿನ ಗೋಡೆ ಇಲ್ಲದ ಊರು ಯಾವುದಿದೆ ಹೇಳಿ? ಮದುವೆಗೂ ಬೇಕು, ಶಾಲೆಯ ವಾರ್ಷಿಕೋತ್ಸವಕ್ಕೂ ಬೇಕು, ಪಂಚಾಯಿತಿಯವರು ಹೊಸ ಕಟ್ಟಡ ಕಟ್ಟಿದರೆ ಅದಕ್ಕೂ ಬೇಕು. ತಣ್ಣಗಿನ ಕತ್ತಲೆ ಕೋಣೆಯೊಳಗೆ ಜನ ಸಾಲಾಗಿ ಹೋಗುತ್ತಾರೆ, ಅಂಗೈ ಚಾಚುತ್ತಾರೆ, ಬರಿಗೋಡೆಯ ಮೇಲೆ ಚಿತ್ರ ಬೆಳಗುತ್ತದೆ. ಬೆಳಗಿದಷ್ಟೂ ತೀರುತ್ತದೆ. ತೀರಿದ ಮೇಲೆ ಎಲ್ಲರೂ ಹೊರಗೆ ಬಂದು ಊಟಕ್ಕೆ ಕೂರುತ್ತಾರೆ. ದೊಡ್ಡ ಮನುಷ್ಯರೊಬ್ಬರು ಮಗಳ ಮದುವೆಯ ಗೋಡೆಯನ್ನು ಯಾರ ಕೈಗೂ ಕೊಡದೆ ಬೀಗ ಜಡಿದು ಇಟ್ಟುಕೊಂಡಿದ್ದಾರಂತೆ. ಆ ಸುದ್ದಿ ಕೇಳಿ ನಗದವರಿಲ್ಲ.

ಆದರೆ ಮೊಟ್ಟಮೊದಲ ಗೋಡೆಯನ್ನೂ ಹಾಗೇ ಬೀಗ ಜಡಿದು ಕಾಯಲಾಗಿತ್ತು. ಕಾದವರು ದೊಡ್ಡ ಮನುಷ್ಯರೇನೂ ಅಲ್ಲ, ಗದಗಿನ ಮಂದಾಕಿನಿ ಹಾದಿಮನಿ ಎಂಬ ವಿಜ್ಞಾನಿ. ಕಾದ ಜಾಗ ಬ್ಯಾಡಗಿಯ ಒಂದು ಹಳೆಯ ಕೋಲ್ಡ್ ಸ್ಟೋರೇಜು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವುದಕ್ಕೆ ಕಟ್ಟಿದ ಇಂಥ ತಂಪುಮನೆಗಳಿಗೆ ಬರವಿಲ್ಲ. ಆನೆ ಮಲಗಬಹುದಾದಷ್ಟು ದೊಡ್ಡ ಕೋಣೆಗಳು, ಮೊಳದಪ್ಪ ಗೋಡೆ, ಕಿಟಕಿ ಎಂಬುದಿಲ್ಲ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಒಳಗೆ ಮಾಗಿಯ ಚಳಿ, ಅಮಾವಾಸ್ಯೆಯ ಕತ್ತಲೆ. ಮಂದಾಕಿನಿಗೆ ಬೇಕಾದದ್ದೂ ಅವೆರಡೇ. ಬೇಡವಾದದ್ದು ಘಾಟು. ಎಷ್ಟು ತೊಳೆದರೂ ಗೋಡೆಯೊಳಗೆ ಇಳಿದ ಮೆಣಸಿನಕಾಯಿ ಘಾಟು ಹೋಗಲಿಲ್ಲ. ಮೊದಲ ತಿಂಗಳು ಅವಳು ಮಾಡಿದ ಸಂಶೋಧನೆಗಿಂತ ಸೀನಿದ್ದೇ ಹೆಚ್ಚು.

ಅವಳ ಹತ್ತಿರ ಒಂದು ಪುಡಿ ಇತ್ತು. ಅದಕ್ಕೆ ಶಾಸ್ತ್ರೋಕ್ತವಾದ ಉದ್ದ ಹೆಸರೊಂದಿತ್ತಾದರೂ, ತಂಪಿನ ಯಂತ್ರ ನೋಡಿಕೊಳ್ಳುತ್ತಿದ್ದ ಮೌಲಾಸಾಬ ಅದನ್ನು ಕರೆದದ್ದು ನಿದ್ದೆಪುಡಿ ಎಂದು, ಅದೇ ಉಳಿಯಿತು. ಪುಡಿಯ ಒಂದೊಂದು ಹರಳಿನೊಳಗೂ ಕಣ್ಣಿಗೆ ಕಾಣದ ಗುಣಿಗಳು. ಬೆಳಕು ಬಿದ್ದರೆ ಅದರ ಕಸುವು ಗುಣಿಯೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಚಳಿ ಇರುವ ತನಕ ಅಲ್ಲೇ ಮಲಗಿರುತ್ತದೆ. ಬಿಸಿ ತಗುಲಿತೋ, ಎದ್ದು ಹತ್ತಿ ಹೊರಗೆ ಬೀಳುತ್ತದೆ, ಬೀಳುವಾಗ ಮತ್ತೆ ಬೆಳಕಾಗಿ ಹೊಳೆಯುತ್ತದೆ. ಮೇಲಿನ ಗುಣಿಗಳದು ಹಳದಿ, ಹತ್ತಿರ ಉಸಿರು ಬಿಟ್ಟರೂ ಅದಕ್ಕೆ ಎಚ್ಚರ. ನಡುವಿನದು ಹಸಿರು, ಅದಕ್ಕೆ ಅಂಗೈಯ ಬಿಸಿ ಬೇಕು. ತೀರ ಆಳದ ಗುಣಿಗಳದು ಊದಾ ಬಣ್ಣ ಎಂದು ಲೆಕ್ಕಾಚಾರ ಹೇಳುತ್ತಿತ್ತು. ಅದನ್ನು ಎಬ್ಬಿಸುವಷ್ಟು ಬೆಚ್ಚಗಿನ ಕೈ ಮಂದಾಕಿನಿಗೂ ಇರಲಿಲ್ಲ, ಮೌಲಾಸಾಬನಿಗೂ ಇರಲಿಲ್ಲ.

ಈ ಪುಡಿಯನ್ನು ಒಂದು ಇಡೀ ಗೋಡೆಗೆ ಸುಣ್ಣದ ಹಾಗೆ ಬಳಿದು, ಅದರ ಮೇಲೆ ಅವಳು ಚಿತ್ರ ಬರೆದಳು. ಬರೆಯುವುದು ಒಂದು ಸಣ್ಣ ದೀಪದ ಕಡ್ಡಿಯಿಂದ. ಆ ಕಡ್ಡಿಯ ಬೆಳಕು ಮನುಷ್ಯರ ಕಣ್ಣಿಗೆ ಕಾಣುವಂಥದ್ದಲ್ಲ, ಗೋಡೆಯೊಳಗೆ ಹೋದದ್ದೂ ಕಾಣುವುದಿಲ್ಲ. ಹಾಗಾಗಿ ಬರೆಯುವವಳಿಗೆ ತಾನು ಏನು ಬರೆದೆ ಎಂದು ನೋಡುವ ಭಾಗ್ಯವಿಲ್ಲ. ನೋಡಬೇಕೆಂದರೆ ಎಬ್ಬಿಸಬೇಕು, ಎಬ್ಬಿಸಿದರೆ ತೀರುತ್ತದೆ. ದಪ್ಪ ಕೋಟು ತೊಟ್ಟು, ಗೋಡೆಗೆ ಉಸಿರು ತಗುಲದಂತೆ ಮೂಗುಬಾಯಿಗೆ ಬಟ್ಟೆ ಕಟ್ಟಿ, ಮರದ ಅಟ್ಟಣಿಗೆಯ ಮೇಲೆ ಕೂತು, ಒಂದು ಚಳಿಗಾಲ ಪೂರ್ತಿ ಅವಳು ಕುರುಡಾಗಿ ಬರೆದಳು. ಬೆರಳು ಮರಗಟ್ಟಿದಾಗ ಹೊರಗೆ ಬಂದು ಬಿಸಿಲಿಗೆ ಹಿಡಿಯುತ್ತಿದ್ದಳು, ಮತ್ತೆ ಒಳಗೆ ಹೋಗುತ್ತಿದ್ದಳು.

ಅವಳು ಬರೆದದ್ದು ಮದುವೆಯ ಮೆರವಣಿಗೆ. ದೇವರಲ್ಲ, ದಿಂಡರಲ್ಲ, ಮದುಮಕ್ಕಳು ಕೂಡ ಮೂಲೆಯಲ್ಲಿ ಸಣ್ಣಗೆ ಎಲ್ಲೋ. ಗೋಡೆಯ ತುಂಬ ಇದ್ದದ್ದು ಗ್ಯಾಸಬತ್ತಿ, ಎಂದರೆ ಗಾಳಿ ಒತ್ತಿ ಉರಿಸುವ ಸೀಮೆಎಣ್ಣೆ ದೀಪ. ಮೊದಲೆಲ್ಲ ಮೆರವಣಿಗೆಯ ಎರಡೂ ಬದಿಗೆ ಹೆಣ್ಣುಮಕ್ಕಳು ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಭುಸುಗುಡುವ ಗ್ಯಾಸಬತ್ತಿ ಹೊತ್ತು ನಡೆಯುತ್ತಿದ್ದರು. ಮಂದಾಕಿನಿಯ ತಾಯಿ ಹಾಗೆ ಬತ್ತಿ ಹೊತ್ತು ಮಗಳನ್ನು ಓದಿಸಿದವಳು. ಊರ ಮದುವೆಗಳಿಗೆಲ್ಲ ಬೆಳಕು ತಂದ ಆ ಹೆಂಗಸಿನ ಮುಖ ಮಾತ್ರ ಬತ್ತಿಯ ಬುಡದ ಕತ್ತಲೆಯಲ್ಲೇ ಉಳಿಯುತ್ತಿತ್ತು. ಹಿಂದೆ ಹಿಂದೆ ಓಡುತ್ತಿದ್ದ ಮಗಳಿಗೆ ಕಾಣುತ್ತಿದ್ದದ್ದು ಬೆನ್ನು, ಸಿಂಬಿ, ಮೇಲೆ ಬೆಳಕು. ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಬತ್ತಿ ಹೊತ್ತಾಗಿನ ಆ ಮುಖವೊಂದು ಅವಳಿಗೆ ಬೇಕಾಗಿತ್ತು. ಅದನ್ನು ಅವಳು ಗೋಡೆಯಲ್ಲಿ ಬರೆದಳು. ಕತ್ತಲೆಯಲ್ಲಿದ್ದ ಮುಖವಾದ್ದರಿಂದ ತೀರ ಆಳದ ಗುಣಿಗಳಿಗೆ, ಕಡ್ಡಿಯನ್ನು ಹೊತ್ತುಗಟ್ಟಲೆ ಒಂದೇ ಕಡೆ ಹಿಡಿದು ಬರೆದಳು. ಯಾರ ಕೈಗೂ ಏಳದಿದ್ದರೆ ಮಲಗಿರಲಿ ಎಂದುಕೊಂಡಳು.

ಕೆಲಸ ಮುಗಿಯಿತು, ಕಾಯುವುದು ಉಳಿಯಿತು. ಈ ಪುಡಿಯ ಕೆಲಸ ವಿಜ್ಞಾನವೋ, ಚಿತ್ರಕಲೆಯೋ, ಎರಡೂ ಅಲ್ಲದ ಹುಚ್ಚೋ ಎಂದು ನೋಡಿ ತೀರ್ಮಾನಿಸುವುದಕ್ಕೆ ರಾಜಧಾನಿಯಿಂದ ಸರಕಾರದ ಒಂದು ಸಮಿತಿ ಬರಬೇಕಿತ್ತು. ಅವರು ಹೂಂ ಎಂದರೆ ಪ್ರಯೋಗ ಮುಂದುವರಿಯುತ್ತದೆ, ಊಹೂಂ ಎಂದರೆ ಪುಡಿ, ಕಡ್ಡಿ, ಮಂದಾಕಿನಿ ಎಲ್ಲ ಗಂಟು ಕಟ್ಟಬೇಕು. ಅವರು ನೋಡುವ ತನಕ ಗೋಡೆಯ ಒಂದು ಹನಿ ಬೆಳಕೂ ಸೋರಬಾರದು. ಅವಳು ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಅವಳ ವಾಸ ಫಕೀರವ್ವನ ಮನೆಯಲ್ಲಿ. ಎರಡು ಅಂಕಣದ ಮನೆ, ಮುಂದಿನದು ಮಂದಾಕಿನಿಗೆ, ಒಲೆಯಿರುವ ಹಿಂದಿನದು ಫಕೀರವ್ವನಿಗೆ. ಫಕೀರವ್ವನೂ ಅದೇ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸು. ಬೆಳಗಿನಿಂದ ಸಂಜೆಯ ತನಕ ಕೆಂಪು ರಾಶಿಯ ಮುಂದೆ ಕೂತು ಮುರಿದೂ ಮುರಿದೂ ಅವಳ ಅಂಗೈ ಯಾವಾಗಲೂ ಉರಿಯುತ್ತಿತ್ತು. ಮನೆಗೆ ಬಂದವಳು ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕು, ಆಮೇಲೆ ರೊಟ್ಟಿ ಬಡಿಯಬೇಕು. ಆ ರೊಟ್ಟಿ ತಿಂದು ಮಂದಾಕಿನಿಗೆ ಬೇರೆ ಯಾವ ಊಟವೂ ರುಚಿಸದ ಹಾಗಾಗಿತ್ತು.

ಒಂದು ಸಂಜೆ ದೀಪ ಹಾಕುವ ಹೊತ್ತು. ಫಕೀರವ್ವ ಗುಂಡಿ ಒತ್ತಿ, ಬಲ್ಬು ಹತ್ತುತ್ತಲೇ ಎರಡೂ ಕೈ ಮುಗಿದಳು. ಎಣ್ಣೆ ದೀಪಕ್ಕೆ ಮುಗಿಯುತ್ತಿದ್ದ ಕೈ, ಬಲ್ಬು ಬಂದ ಮೇಲೂ ಬಿಟ್ಟಿರಲಿಲ್ಲ. ಆಮೇಲೆ ತಟ್ಟೆ ತಂದಿಟ್ಟು, ಎದುರು ಕೂತು, ಬಹಳ ದಿನಗಳಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದಳು.

"ಅಕ್ಕಾರ, ಒಂದ್ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಒಳಗ ಅದೇನೋ ಬೆಳಕಿನ ಗ್ವಾಡಿ ಮಾಡೀರಂತಲ್ಲ. ನನಗ ಒಂದ್ಸಲ ತೋರಸ್ತೀರೇನ್ರಿ? ದೂರ ನಿಂತು ನೋಡಿ ಬಂದಬಿಡ್ತೀನಿ."

ಮಂದಾಕಿನಿಯ ತಲೆಯಲ್ಲಿ ಆಗ ಸಮಿತಿ ಓಡುತ್ತಿತ್ತು. ರೊಟ್ಟಿ ಮುರಿಯುತ್ತ, ಮುಖ ಎತ್ತದೆ ಅಂದುಬಿಟ್ಟಳು, "ಬ್ಯಾಡ ಅವ್ವಾರ. ನಿಮ್ಮ ಕಣ್ಣು ಬಿದ್ರ ಅದು ತೀರತೈತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫಕೀರವ್ವ ಪಲ್ಯದ ಬೋಗುಣಿಯನ್ನು ಮಂದಾಕಿನಿಯ ಕಡೆ ಸರಿಸಿ, ಎದ್ದು ಒಲೆಯ ಕಡೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, "ಮಜ್ಜಿಗಿ ಬೇಕಾದ್ರ ಹೇಳ್ರಿ" ಎಂದಳು. ಧ್ವನಿ ಎಂದಿನಂತೆಯೇ ಇತ್ತು, ಹಾಗಾಗಿ ಮಂದಾಕಿನಿಗೆ ಏನೂ ಹೊಳೆಯಲಿಲ್ಲ. ಓದಿದವರ ಕಿವಿ ಕೆಲವು ಸಲ ಇಷ್ಟೇ.

ಮರುದಿನ ರೊಟ್ಟಿಯ ಡಬ್ಬಿ ಹೊಸ್ತಿಲ ಮೇಲೆ ಇತ್ತು, ಫಕೀರವ್ವ ಇರಲಿಲ್ಲ. ಅದರ ಮರುದಿನವೂ ಹಾಗೇ. ಅಂಗಳದಲ್ಲಿ ಮಂದಾಕಿನಿ ಹಾದುಹೋದರೆ ಅವಳು ಸೆರಗು ಮುಂದೆ ಎಳೆದುಕೊಂಡು ಮುಖ ಆಚೆ ತಿರುಗಿಸುತ್ತಿದ್ದಳು. ಕೊನೆಗೆ ಮೌಲಾಸಾಬನೇ ಯಂತ್ರದ ಕೋಣೆಯಲ್ಲಿ ಮಾತು ತೆಗೆದ.

"ಮೇಡಂ, ಫಕೀರವ್ವಕ್ಕಗ ಏನಂದ್ರಿ?"

"ಏನೂ ಇಲ್ಲಲ್ಲ. ನೋಡಿದ್ರ ತೀರತೈತಿ ಅಂದೆ. ಖರೇನ ಐತಲ್ಲ ಅದು."

ಮೌಲಾಸಾಬ ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡ. "ಖರೇ ಐತ್ರಿ. ಆದರ ಆಕಿಗೆ ಅದನ್ನ ಹೇಳಬಾರದಿತ್ತು. ಗಂಡ ಸತ್ತಾಗಿಂದ ಊರು ಅಕಿಗೆ ಹೇಳ್ಕೋತ ಬಂದದ್ದು ಅದನ್ನ. ಅಕಿ ಕಣ್ಣು ಚಲೋ ಅಲ್ಲ ಅಂತ. ಸ್ವಂತ ತಮ್ಮ, ತನ್ನ ಮಗಳ ಹೆಸರಿಡೂ ದಿನ ಅಕಿನ್ನ ಕರೀಲಿಲ್ಲ. ಕೂಸಿಗೆ ದೃಷ್ಟಿ ಆಕ್ಕೈತಿ ಅಂತ. ನೀವು ಕಲ್ತವ್ರು, ನೀವೂ ಅದನ್ನ ಅಂದ್ರಿ ಅಂತ ತಿಳ್ಕೊಂಡಾಳ."

ಮಂದಾಕಿನಿಯ ಮುಖಕ್ಕೆ ರಕ್ತ ಏರಿತು. ಬತ್ತಿ ಹೊರುವವಳ ಮಗಳು ತಾನು. ಮದುವೆಯ ಮನೆಯಲ್ಲಿ ಬೆಳಕು ಬೇಕು, ಬೆಳಕು ಹೊತ್ತವಳು ಚಪ್ಪರದ ಹೊರಗೇ ಇರಬೇಕು ಎಂಬುದನ್ನು ಕಂಡುಂಡವಳು. ಆ ಮಾತು ತನ್ನ ಬಾಯಲ್ಲೇ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ತೀರುವುದು ಯಾರ ಕಣ್ಣಿಗಾದರೂ ತೀರುತ್ತದೆ, ಸಮಿತಿಯ ಅಧ್ಯಕ್ಷರ ಕಣ್ಣಿಗೂ ತೀರುತ್ತದೆ ಎಂದು ವಿವರಿಸಬಹುದಿತ್ತು. ಆದರೆ ವಿವರಣೆಯಿಂದ ವಾಸಿಯಾಗುವ ನೋವು ಇದಲ್ಲ ಎಂದು ಅವಳಿಗೂ ಗೊತ್ತಾಯಿತು. ಒಬ್ಬರ ಉಸಿರಿನ ಬಿಸಿಗೆ ಎಷ್ಟು ಬೆಳಕು ಹೋದೀತು? ಚಿಟಿಕೆಯಷ್ಟು. ಹೋಗಲಿ.

ಅವಳು ನೇರ ಅಂಗಳಕ್ಕೆ ಹೋಗಿ ಮೆಣಸಿನಕಾಯಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅವ್ವಾರ, ತಪ್ಪು ಮಾತಾಡೀನಿ. ಹೊಟ್ಟಿಗೆ ಹಾಕೋರಿ. ಏಳ್ರಿ, ಗ್ವಾಡಿ ನೋಡೋಣು ಬರ್ರಿ."

ಫಕೀರವ್ವ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ್ರಿ. ನಾಳಿಗೆ ಅದಕ್ಕೇನರ ಆದ್ರ ನನ್ನ ಮ್ಯಾಲೆ ಬರತೈತಿ."

"ಏನೂ ಆಗೂದಿಲ್ಲ. ನಾ ಇರ್ತೀನಿ."

ಸುತ್ತ ಕೂತಿದ್ದ ಹೆಂಗಸರ ಕೈಗಳೆಲ್ಲ ನಿಂತಿದ್ದವು. ಫಕೀರವ್ವ ಅವರ ಕಡೆ ಒಮ್ಮೆ ನೋಡಿ ಹೇಳಿದಳು, "ಒಬ್ಬಾಕಿನ ಬರೂದಿಲ್ಲ. ಇವರೂ ಬರಲಿ. ನಾ ಏನ್ ಮಾಡಿದೆ, ಏನ್ ಮಾಡಲಿಲ್ಲ ಅಂತ ನೋಡಾಕ ನಾಕು ಕಣ್ಣು ಇರಲಿ."

ಮಂದಾಕಿನಿ ಹೂಂ ಅನ್ನುವುದರೊಳಗೆ ಅಂಗಳವೇ ಎದ್ದು ನಿಂತಿತ್ತು.

ಊಟದ ಬಿಡುವಿನ ಹೊತ್ತು. ಹೊರಗೆ ಬಿಸಿಲು ಕೊತಕೊತ ಕುದಿಯುತ್ತಿತ್ತು. ದಪ್ಪ ಬಾಗಿಲು ತೆರೆದು ಒಳಗೆ ಹೋಗಿ ಮುಚ್ಚಿಕೊಂಡಾಗ, ಎಲ್ಲರಿಗೂ ಬಾವಿಗೆ ಇಳಿದ ಹಾಗಾಯಿತು. ಚಳಿಗೆ ಯಾರೋ ಹಾ ಎಂದರು, ಯಾರೋ ಬಳೆ ಸರಿಮಾಡಿಕೊಂಡರು. ಮಂದಾಕಿನಿ ಕತ್ತಲೆಯಲ್ಲೇ ಗೋಡೆಯ ಮುಂದೆ ಅಡ್ಡ ಕಟ್ಟಿದ್ದ ಹಗ್ಗ ಹಿಡಿದು, "ಇದರ ಹಿಂದ ನಿಲ್ರಿ. ಮುಂದ ಬರಬ್ಯಾಡ್ರಿ. ಸುಮ್ಮನ ಉಸಿರಾಡ್ರಿ, ಸಾಕು" ಎಂದಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಗೋಡೆ ಎಲ್ಲಿದೆಯೋ ಅಲ್ಲಿ ಕತ್ತಲೆ ಸ್ವಲ್ಪ ತೆಳ್ಳಗಾಯಿತು. ಹಾಲಿಗೆ ಅರಿಸಿನ ಬಿದ್ದ ಹಾಗೆ ಒಂದು ಹಳದಿ ನಿಧಾನವಾಗಿ ಹರಡಿತು. ಅದರೊಳಗೆ ಒಂದು ಚುಕ್ಕೆ, ಇನ್ನೊಂದು, ಮತ್ತೊಂದು. ಚುಕ್ಕೆಗಳು ದುಂಡಗಾದವು, ದುಂಡು ಗಾಜಿನೊಳಗೆ ಬತ್ತಿಗಳಾದವು. ಬತ್ತಿಗಳು ಸಾಲಾಗಿ, ಬೀದಿಯೊಂದರ ತಿರುವಿನಿಂದ ಇತ್ತ ಕಡೆಗೇ ಬರುತ್ತಿರುವ ಹಾಗೆ ತೋರಿದವು. ನಿಂತವರು ತಾವೇ ನಡೆಯುತ್ತಿದ್ದೇವೋ, ಗೋಡೆಯೇ ನಡೆದು ಬರುತ್ತಿದೆಯೋ ತಿಳಿಯದಂಥ ಒಂದು ಮಂಪರು ಎಲ್ಲರ ಮೇಲೂ ಇಳಿಯಿತು.

"ಯವ್ವಾ, ಗ್ಯಾಸಬತ್ತಿ!" ಎಂದಳು ಫಕೀರವ್ವ. "ನನ್ನ ಮದಿವಿಗೆ ತರಿಸಿದ್ರು."

ಹಾಗೆಂದವಳೇ ಹಗ್ಗದಡಿ ನುಸುಳಿ ಮುಂದೆ ಹೋದಳು. ಬೇಕೆಂದು ಹೋದದ್ದಲ್ಲ. ಬೆಳಕು ಎದುರಿಗೆ ಹತ್ತಿದರೆ ನಮ್ಮ ಜನ ಏನು ಮಾಡುತ್ತಾರೋ ಅದನ್ನೇ ಅವಳ ಕೈಗಳು ಮಾಡಿದವು. ಆರತಿ ತೆಗೆದುಕೊಳ್ಳುವ ಹಾಗೆ ಎರಡೂ ಅಂಗೈಯನ್ನು ಗೋಡೆಯ ಹತ್ತಿರ ಚಾಚಿ, ಮೇಲಿನಿಂದ ಕೆಳಗೆ ಸವರಿದಳು. ಅಂಗೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು, ಆದರೆ ಮೆಣಸಿನಕಾಯಿ ಮುರಿದ ಕೈ. ಆ ಅಂಗಳದ ಹೆಂಗಸರು ಆರತಿಯನ್ನು ಯಾವಾಗಲೂ ಅಂಗೈಯಲ್ಲಿ ತೆಗೆದುಕೊಂಡು, ಹಿಂಗೈಯಲ್ಲಿ ಕಣ್ಣಿಗೆ ಒತ್ತಿಕೊಳ್ಳುವವರು. ಅವಳೂ ಕೈ ತಿರುಗಿಸಿ ಹಾಗೇ ಒತ್ತಿಕೊಂಡಳು.

ಗೋಡೆ ಭಗ್ಗನೆ ಎಚ್ಚರಾಯಿತು. ಉರಿಯುವ ಕೈಗೆ ರಕ್ತ ನುಗ್ಗಿರುತ್ತದೆ, ಆ ಕೈ ಉಳಿದವರ ಕೈಗಿಂತ ಬಿಸಿ. ಮಂದಾಕಿನಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಳದಿ ಹಸಿರಾಯಿತು. ಹಸಿರಿನ ಅಡಿಯಿಂದ, ಅವಳು ಲೆಕ್ಕದಲ್ಲಿ ಮಾತ್ರ ಕಂಡಿದ್ದ ಊದಾ ಬಣ್ಣ ಉಕ್ಕಿ ಬಂತು. ಬದನೆ ಹೂವಿನಂಥ ಬಣ್ಣ. ಫಕೀರವ್ವನ ತಲೆ, ಹೆಗಲು, ಸೆರಗು ಎಲ್ಲ ಆ ಬೆಳಕಿನ ಮುಂದೆ ಕಪ್ಪಗೆ ನಿಂತಿದ್ದವು.

ಸರತಿ ಆಗಲೇ ಹೊರಟಿತ್ತು. ಒಬ್ಬರು ಆರತಿ ತೆಗೆದುಕೊಂಡರೆ ಉಳಿದವರು ಹಿಂದೆ ನಿಲ್ಲುತ್ತಾರೆಯೆ? ಒಬ್ಬೊಬ್ಬರಾಗಿ ಬಂದರು, ಅಂಗೈ ಸವರಿದರು, ಹಿಂಗೈ ಒತ್ತಿಕೊಂಡರು, ಪಕ್ಕಕ್ಕೆ ಸರಿದರು. ಪ್ರತಿ ಕೈಗೂ ಗೋಡೆ ಹೊಳೆಯಿತು, ಹೊಳೆದದ್ದು ಆರಿತು. ಮಂದಾಕಿನಿ ಕೂಗಬೇಕಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಆ ಮುಖಗಳನ್ನು ನೋಡಿಬಿಟ್ಟಳು. ಒಂದೊಂದೂ ಅವಳ ಬೆಳಕಿನಲ್ಲಿ ಮಿಂದು, ಬಾಲ್ಯಕ್ಕೆ ಹೋಗಿ ಬಂದ ಹಾಗಿತ್ತು. ಅವಳಿಗೆ ಸಂತೋಷವಾಯಿತು. ಎದೆ ಒಡೆಯುವಷ್ಟು ಸಂತೋಷ, ಅದರ ಹಿಂದೆಯೇ ಭಯ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೊನೆಯ ಹೆಂಗಸು ಅಂಗೈ ಚಾಚಿದಾಗ ಗೋಡೆಯ ಮೇಲೆ ಏನೂ ಬರಲಿಲ್ಲ. ಅವಳು ಇನ್ನೊಮ್ಮೆ ಸವರಿದಳು.

"ಆರಿತು," ಎಂದಿತು ಒಂದು ಧ್ವನಿ.

ಆಮೇಲೆ ಕತ್ತಲೆಯಲ್ಲಿ ಎಲ್ಲಿಂದಲೋ ಇನ್ನೊಂದು ಧ್ವನಿ, ಸಣ್ಣದಾಗಿ: "ಮೊದಲನೇ ಕೈ ಯಾರದಿತ್ತು?"

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಸಂಜೆಯಾಗುವುದರೊಳಗೆ ಮೆಣಸಿನಕಾಯಿ ಮಾರುಕಟ್ಟೆಯ ತುಂಬ ಅದೇ ಸುದ್ದಿ. ಫಕೀರವ್ವನ ಕಣ್ಣು ಬಿದ್ದು ಸರಕಾರದ ಗೋಡೆ ಆರಿಹೋಯಿತಂತೆ. ತಾವೂ ಕೈ ಸವರಿ ಬಂದವರೇ ಅದನ್ನು ಹೇಳುತ್ತ ತಿರುಗಿದರು, ತಮ್ಮ ಕೈಯ ಮಾತು ಮಾತ್ರ ಬಿಟ್ಟು. ಮಂದಾಕಿನಿ ಮನೆಗೆ ಬಂದಾಗ ಒಳಗಿನ ಬಾಗಿಲು ಹಾಕಿತ್ತು.

"ಅವ್ವಾರ, ತಗೀರಿ. ಅದು ನಿಮ್ಮಿಂದ ಆಗಿದ್ದಲ್ಲ."

"ಗೊತ್ತಿತ್ತು ನನಗ," ಎಂದಿತು ಬಾಗಿಲ ಹಿಂದಿನ ಧ್ವನಿ. "ಗೊತ್ತಿದ್ದೂ ಬಂದೆ. ಆಸೆ ಕೆಟ್ಟದ್ದು ನೋಡ್ರಿ ಅಕ್ಕಾರ. ನಿಮ್ಮ ಅನ್ನ ಕಳದೆ."

ಫಕೀರವ್ವ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹೋದರೆ ಪಕ್ಕದಲ್ಲಿ ಕೂರುವವರು ಯಾರು? ಮಂದಾಕಿನಿ ಕಡ್ಡಿ ಹಿಡಿದು ಖಾಲಿ ಗೋಡೆಯ ಮುಂದೆ ನಿಂತಳು. ಪುಡಿ ಎಲ್ಲಿಯೂ ಹೋಗಿರಲಿಲ್ಲ, ಮತ್ತೆ ತುಂಬಬಹುದಿತ್ತು. ಒಂದು ಚಳಿಗಾಲದ ಕೆಲಸವನ್ನು ಸಮಿತಿ ಬರುವುದರೊಳಗೆ ತುಂಬುವುದು ಮಾತ್ರ ಆಗದ ಮಾತು. ಮೌಲಾಸಾಬ ಒಂದು ದಾರಿ ಹೇಳಿದ.

"ಮಷೀನು ಕೈಕೊಟ್ಟಿತ್ತು ಅಂದಬಿಡ್ರಿ ಮೇಡಂ. ಕರೆಂಟು ಹೋಗಿ ಕ್ವಾಣಿ ಬಿಸಿ ಆತು, ಗ್ವಾಡಿ ಆರಿತು ಅಂತ. ಬಿಸಿ ಆದ್ರ ಆರೂದು ಖರೇನ ಐತಲ್ಲ. ಮತ್ತೊಂದು ವರ್ಷ ಕೊಡ್ತಾರ. ನನಗ ನಾಕು ಬೈಗಳ ಬೀಳತಾವು, ಬೀಳಲಿ."

ಆಸೆ ಯಾರಿಗೆ ಆಗುವುದಿಲ್ಲ? ಮಂದಾಕಿನಿಗೂ ಆಯಿತು. ಒಂದು ಸುಳ್ಳಿನಿಂದ ಪ್ರಯೋಗ ಉಳಿಯುತ್ತದೆ. ಆದರೆ ಸಮಿತಿಗೆ ಹೇಳಿದ ಸುಳ್ಳು ಸಮಿತಿಯ ಜೊತೆ ಊರು ಬಿಡುತ್ತದೆ. ಬ್ಯಾಡಗಿಯಲ್ಲಿ ಫಕೀರವ್ವನ ಕಣ್ಣು ಕೆಟ್ಟದ್ದಾಗಿಯೇ ಉಳಿಯುತ್ತದೆ, ಹಿಂದೆ ಬಾಯಿಮಾತಿಗೆ ಇದ್ದದ್ದಕ್ಕೆ ಈಗ ಇಷ್ಟು ಜನರ ಸಾಕ್ಷಿಯೂ ಸೇರಿ.

ಸಮಿತಿ ಬಂತು. ಅಧ್ಯಕ್ಷರು ಪ್ರೊಫೆಸರ್ ಅಶ್ವಥನಾರಾಯಣ, ಮೈಸೂರಿನ ಕಡೆಯವರು, ಸಣ್ಣ ಮೈ, ದೊಡ್ಡ ಕನ್ನಡಕ. ಕಾರಿನಿಂದ ಇಳಿದವರು ಅಂಗಳದ ಘಾಟಿಗೆ ಸೀನಲು ಶುರುಮಾಡಿ ತಂಪುಕೋಣೆಯ ತನಕ ಸೀನುತ್ತಲೇ ಬಂದರು. ಒಳಗೆ ಹೋಗಿ ಕತ್ತಲೆಯಲ್ಲಿ ನಿಂತರು. ಅಂಗೈ ಚಾಚಿದರು, ಸಂಗಡಿಗರೂ ಚಾಚಿದರು. ಗೋಡೆ ಕತ್ತಲಾಗಿಯೇ ಇತ್ತು.

"ಏನ್ರೀ ಇದು?" ಎಂದರು ಪ್ರೊಫೆಸರ್. "ಏನೂ ಕಾಣ್ತಾ ಇಲ್ವಲ್ಲ."

"ಖಾಲಿ ಆಗಿದೆ ಸಾರ್," ಎಂದಳು ಮಂದಾಕಿನಿ. "ನಾನೇ ತೆರೆದು ತೋರಿಸಿದೆ. ಇಲ್ಲಿ ಮೆಣಸಿನಕಾಯಿ ಮುರಿಯುವ ಹೆಂಗಸರು ನೋಡಿದರು. ಎಲ್ಲರೂ ಕೈ ಚಾಚಿದರು, ಎಲ್ಲರಿಗೂ ಬೆಳಗಿತು, ತೀರಿತು. ಇದು ಹಾಗೆ ತೀರೋದಕ್ಕೇ ಮಾಡಿದ್ದು."

ತೆರೆದ ಬಾಗಿಲ ಆಚೆ ಅಂಗಳದ ಜನವೆಲ್ಲ ಕಿವಿಯಾಗಿ ನಿಂತಿತ್ತು. ಅವರಿಗೂ ಕೇಳಲೆಂದು ಅವಳು ಧ್ವನಿ ಎತ್ತಿಯೇ ಹೇಳಿದಳು. ಯಂತ್ರದ ಪಕ್ಕದಲ್ಲಿದ್ದ ಮೌಲಾಸಾಬ ಕಣ್ಣು ಮುಚ್ಚಿಕೊಂಡ.

ಪ್ರೊಫೆಸರ್ ಹೊರಗೆ ಬಂದು ಕನ್ನಡಕ ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು, ಅಷ್ಟು ದೂರ ಬಂದದ್ದಕ್ಕೆ ಬರಬೇಕಾದದ್ದೇ. "ಅಲ್ಲಮ್ಮ, ನಾವು ಏನನ್ನ ನೋಡಿ ಏನು ಹೇಳ್ಬೇಕು? ಹೋಗ್ಲಿ, ಅದರಲ್ಲಿ ಏನಿತ್ತು ಅಂತ ನೀವೇ ಹೇಳಿ."

"ಬರೆದದ್ದು ಗೊತ್ತು ಸಾರ್, ಕಂಡದ್ದು ಗೊತ್ತಿಲ್ಲ. ಆಳದ ಬಣ್ಣ ಮೊದಲನೇ ಕೈಗೇ ಎದ್ದು ತೀರಿತು. ನಾನು ಹಿಂದೆ ಇದ್ದೆ, ನನಗೆ ಕಂಡದ್ದು ಅವರ ಬೆನ್ನು. ಪೂರ್ತಿಯಾಗಿ ಕಂಡ ಕಣ್ಣು ಒಂದೇ ಜೊತೆ. ಅವರನ್ನು ಕರ್ಕೊಂಡು ಬರ್ತೀನಿ, ಅವರನ್ನೇ ಕೇಳಿ."

ಅವಳು ಮನೆಗೆ ಓಡಿಹೋಗಿ ಒಳಬಾಗಿಲನ್ನು ಬಡಿದಳು. ಫಕೀರವ್ವ, "ನಾ ಒಲ್ಲೆ. ಆ ಸಾಹೇಬರಿಗೂ ಏನರ ಆಕ್ಕೈತಿ" ಎಂದಳು.

"ಅವ್ವಾರ, ಇನ್ನ ನನ್ನ ಕೈಯಾಗ ಏನೂ ಉಳಿದಿಲ್ಲ," ಎಂದಳು ಮಂದಾಕಿನಿ. "ಇದ್ದದ್ದೆಲ್ಲ ನಿಮ್ಮ ಕಣ್ಣಾಗ ಐತಿ. ಬಂದು ಹೇಳ್ರಿ."

ಬಾಗಿಲು ತೆರೆಯಿತು.

ಫಕೀರವ್ವ ಬಂದಾಗ ಅಂಗಳ ದಾರಿ ಬಿಟ್ಟಿತು. ದೃಷ್ಟಿಗೆ ಹೆದರಿ ಬಿಟ್ಟದ್ದೋ, ನಾಚಿ ಬಿಟ್ಟದ್ದೋ, ಬಿಟ್ಟಿತು. ಅವಳು ಸೆರಗನ್ನು ಹಣೆಯ ತನಕ ಎಳೆದುಕೊಂಡು, ನೆಲ ನೋಡುತ್ತ ನಿಂತಳು. ಪ್ರೊಫೆಸರ್ ಸೀನಿ, ತಮಗೆ ಹಾಕಿದ್ದ ಕುರ್ಚಿಯನ್ನು ಅವಳ ಕಡೆ ಸರಿಸಿ, ತಾವು ಒಂದು ಚೀಲದ ಮೇಲೆ ಕೂತರು.

"ಕೂತ್ಕೊಳಿ ತಾಯಿ. ನೀವು ನೋಡಿದ್ದನ್ನ ನಮಗೆ ಹೇಳಿ. ನಿಧಾನವಾಗಿ ಹೇಳಿ."

ಇಷ್ಟು ವರ್ಷಗಳಲ್ಲಿ ನೀನು ಏನು ಕಂಡೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಕುರ್ಚಿಯ ಅಂಚಿನಲ್ಲಿ ಕೂತು, ಮೊದಲು ತಡವರಿಸಿದಳು.

"ಬತ್ತಿ ಇದ್ವುರಿ. ಭಾಳ ಬತ್ತಿ. ಒಂದೊಂದು ಬತ್ತಿ ಸುತ್ತ ಹುಳ ಹಾರಾಕತ್ತಿದ್ವು. ಓಣ್ಯಾಗ ನೀರು ನಿಂತಿತ್ತು, ನೀರಾಗೂ ಬತ್ತಿ ಇದ್ವು. ಮಾಳಿಗಿ ಮ್ಯಾಲೆ ಕೂಸು ಎತ್ಕೊಂಡು ನಿಂತಿದ್ರು ಮಂದಿ."

ಬರಬರುತ್ತ ಅವಳ ಧ್ವನಿ ಏರಿತು. ತಲೆ ಎತ್ತಿದಳು, ಸೆರಗು ಹಿಂದೆ ಜಾರಿತು, ಪ್ರೊಫೆಸರರ ಮುಖವನ್ನು ನೇರವಾಗಿ ನೋಡುತ್ತ ಹೇಳತೊಡಗಿದಳು. ಅವರು ಕಣ್ಣು ತಪ್ಪಿಸಲಿಲ್ಲ. ಸೀನುವುದನ್ನೂ ಮರೆತು ಮುಂದಕ್ಕೆ ಬಾಗಿ ಕೂತಿದ್ದರು. ಮೌಲಾಸಾಬ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು.

"ಅದಾದ ಮ್ಯಾಲೆ ಬದನಿ ಹೂವಿನ ಬಣ್ಣ ಬಂತ್ರಿ. ಅದು ಬರೂತ್ಲೆ, ಬತ್ತಿ ಕೆಳಗ ಕತ್ತಲಿತ್ತಲ್ಲ, ಅದು ತಿಳಿ ಆತು. ಮಾರಿ ಕಂಡ್ವು. ಬತ್ತಿ ಹೊತ್ತಾಕಿಗೋಳ ಮಾರಿ. ನನ್ನ ಮದಿವ್ಯಾಗೂ ಹೊತ್ತಿದ್ರು, ಅವರ ಮಾರಿ ನೋಡೇ ಇರಲಿಲ್ಲ ನೋಡ್ರಿ ನಾ. ಎಲ್ಲಾರೂ ಮುಂದ ನೋಡ್ಕೋತ ಹೊಂಟಿದ್ರು. ಒಬ್ಬಾಕಿ ಮಾತ್ರ ಕುತ್ತಿಗಿ ಹೊಳ್ಳಿಸಿ ಹಿಂದ ನೋಡಾಕತ್ತಿದ್ಲು. ತಲಿ ಮ್ಯಾಲೆ ಬತ್ತಿ ಐತಿ, ಹೊಳ್ಳಿ ನೋಡಬಾರದು, ಬಿದ್ದ್ರ ಸುಟ್ಟು ಹೊಕ್ಕಾಳ. ಆದ್ರೂ ನೋಡಾಕತ್ತಿದ್ಲು."

ಮಂದಾಕಿನಿ ಸಮಿತಿಯನ್ನು ಮರೆತಳು. ಅವಳು ಕುರ್ಚಿಯ ಹತ್ತಿರ ಬಂದು, ನೆಲದ ಮೇಲೆ ಫಕೀರವ್ವನ ಕಾಲ ಬಳಿ ಕೂತಳು. ಕತ್ತಲೆಯಲ್ಲಿ, ಮರಗಟ್ಟಿದ ಬೆರಳಿನಲ್ಲಿ, ಬತ್ತಿಯಡಿ ತಾನೆಂದೂ ಕಾಣದ ಮುಖವನ್ನು ಬರೆದದ್ದು. ಏನು ಮೂಡಿತೋ, ಏನು ಕೆಟ್ಟಿತೋ ಅವಳಿಗೆ ಗೊತ್ತಿರಲಿಲ್ಲ.

"ನಗಾಕತ್ತಿದ್ಲೇನ್ರಿ?" ಎಂದು ಕೇಳಿದಳು.

ಫಕೀರವ್ವ ಕಣ್ಣು ಮುಚ್ಚಿ, ಮತ್ತೊಮ್ಮೆ ನೋಡಿ ಬಂದಳು.

"ಇಲ್ರಿ ಅಕ್ಕಾರ," ಎಂದಳು. "ಬೈಯಾಕತ್ತಿದ್ಲು. ಹಿಂದ ಯಾರೋ ಸಣ್ಣಾಕಿ ಉಳಿದಿರಬೇಕು. ‘ಲಗೂ ಲಗೂ ಕಾಲ್ ಹಾಕ, ಕತ್ತಲ್ದಾಗ ಉಳಿದಿ’ ಅಂತ ಬೈದಂಗ ಇತ್ತು ಬಾಯಿ."

ಮಂದಾಕಿನಿ ಅವಳ ಉರಿಯುವ ಕೈಯನ್ನು ಹಿಡಿದುಕೊಂಡು, ನಗುತ್ತ ಅಳುತ್ತ ಅಂದಳು, "ಹೌದ್ರಿ. ಅಕಿನ. ನಮ್ಮವ್ವ."